ತೋಳಿನ ಬಿಲ್ಲೆ, ಚಿಪ್ಪಿನ ಕಾವಲು

ಮಳೆ ಹಿಡಿದು ವಾರವಾಗಿತ್ತು. ಗದ್ದೆಗಳಲ್ಲಿ ನೀರು ನಿಂತು, ಸಸಿಮಡಿಗಳು ಹಸುರೇರಿ, ಊರೆಂಬ ಊರೇ ಸೊಂಟ ಬಗ್ಗಿಸಿ ನಾಟಿಗೆ ಇಳಿದಿತ್ತು. ಹೆಂಗಸರು ಸಸಿ ಕೀಳುತ್ತಿದ್ದರು. ಕಿತ್ತ ಹಿಡಿಯನ್ನು ಪಾದಕ್ಕೆ ಬಡಿದು ಬೇರಿನ ಕೆಸರು ಉದುರಿಸಿ, ಬಿದಿರಿನ ಸೀಳಿನಿಂದ ಕಟ್ಟಿ ಹಿಂದಕ್ಕೆ ಎಸೆಯುತ್ತಿದ್ದರು. ಇಷ್ಟೊಂದು ಬಗ್ಗಿದ ಬೆನ್ನುಗಳ ನಡುವೆ ನೆಟ್ಟಗೆ ನಿಂತಿದ್ದ ಜೀವ ಒಂದೇ ಒಂದು. ಅವನೇ ಬುನ್ಮಾ. ಬದುವಿನ ಮೇಲೆ ಕೊಡೆ ಬಿಚ್ಚಿ ನಿಂತಿದ್ದ. ಕೊಡೆ ಹಿಡಿದದ್ದು ತಲೆಗಲ್ಲ, ಎಡತೋಳಿಗೆ. ತಲೆಯಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು.

"ಏನೋ ಬುನ್ಮಾ, ತೋಳಿಗೆ ನೆಗಡಿಯೇನೋ?" ಎಂದು ಪಕ್ಕದ ಗದ್ದೆಯಿಂದ ಯಾರೋ ಕೂಗಿದರು.

ಉತ್ತರ ಕೊಟ್ಟವಳು ಅವನ ಹೆಂಡತಿ ಸೈಬುವಾ, ಬಗ್ಗಿದಲ್ಲಿಂದಲೇ. "ಬಿಡಿ ಅಕ್ಕಾ. ಮದುವೆಯಾದಾಗಿಂದ ನನಗೆ ಒಂದು ದಿನಾನೂ ಕೊಡೆ ಹಿಡಿದ ಗಂಡಸಲ್ಲ ಇವನು. ಆ ಬಿಲ್ಲೆಗೆ ಹಿಡೀತಾನೆ."

ಬಿಲ್ಲೆ ಎಂದರೆ ದೊಡ್ಡದೇನಲ್ಲ. ಅಂಗಿಯ ಗುಂಡಿಗಿಂತ ತುಸು ಅಗಲ, ಬಿಳಿ ಬಣ್ಣ. ಅದರ ಹೊಟ್ಟೆಯಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಇಳಿದು ಮೈಯ ಸಕ್ಕರೆಯನ್ನು ಅಳೆಯುತ್ತಿತ್ತು. ಅಳೆದದ್ದನ್ನು ಬುನ್ಮಾನ ಹೆಗಲಚೀಲದಲ್ಲಿದ್ದ ಅಂಗೈಯಗಲದ ಡಬ್ಬಿಗೆ ತಿಳಿಸುತ್ತಿತ್ತು. ಸಕ್ಕರೆ ವಿಪರೀತ ಇಳಿದರೆ ಡಬ್ಬಿ ಕುಂಯ್‌ಗುಟ್ಟುತ್ತದೆ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

ಇದನ್ನು ಹಾಕಿಸಿಕೊಳ್ಳುವ ಗತಿ ಬುನ್ಮಾನಿಗೆ ಸುಮ್ಮನೆ ಬಂದದ್ದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ ಅವನು ಉಳುಮೆಯ ಕಾಲದಲ್ಲಿ ಎರಡು ಸಲ ಗದ್ದೆಯಲ್ಲೇ ಬಿದ್ದಿದ್ದ. ಒಂದು ಸಲವಂತೂ ಅವನು ಬಿದ್ದದ್ದು ತಿಳಿಯದೆ ಉಳುವ ಯಂತ್ರ ತನ್ನ ಪಾಡಿಗೆ ತಾನು ಹೋಗಿ ಊರ ಮುಖಂಡನ ಮೀನಿನ ಕೊಳಕ್ಕೆ ಇಳಿದಿತ್ತು. ಊರವರು ಮೊದಲು ಯಂತ್ರವನ್ನು ಎತ್ತಿದರು, ಆಮೇಲೆ ಅದನ್ನು ಹಿಡಿದಿರಬೇಕಾದವನು ಎಲ್ಲಿ ಎಂದು ಹುಡುಕಿದರು.

"ಸಕ್ಕರೆ ಏರಿ ಬೀಳ್ತೀರೋ, ಇಳಿದು ಬೀಳ್ತೀರೋ ಗೊತ್ತಾಗಬೇಕು," ಎಂದಿದ್ದರು ಡಾಕ್ಟರಮ್ಮ. "ಗೊತ್ತಾಗದೆ ಮಾತ್ರೆ ಜಾಸ್ತಿ ಮಾಡಿದ್ರೂ ಅಪಾಯ, ಕಮ್ಮಿ ಮಾಡಿದ್ರೂ ಅಪಾಯ. ಎರಡು ವಾರ ಇದನ್ನ ಉಳಿಸಿಕೊಂಡು ಬನ್ನಿ. ಕಳೆದುಹೋದ್ರೆ ಮತ್ತೆ ನಿಮ್ಮ ಸರದಿ ಬರೋದು ಕೊಯ್ಲು ಮುಗಿದ ಮೇಲೇನೆ."

"ಅಷ್ಟರಲ್ಲಿ ಬಿದ್ರೆ?"

"ಗದ್ದೇಲಿ ನೀರಿರುತ್ತೆ. ಮುಖ ಅಡಿಯಾಗಿ ಮಾತ್ರ ಬೀಳಬೇಡಿ."

ಈ ಸಲಹೆ ಬುನ್ಮಾನ ಎದೆಯಲ್ಲಿ ಕಲ್ಲಾಗಿ ಕೂತಿತು. ಗೇಣಾಳದ ನೀರಿನಲ್ಲಿ ಮೂಗು ಮುಳುಗಿಸಿಕೊಂಡು ತಾನು ಮಲಗಿರುವುದೂ, ಊರವರು ಮೊದಲು ಯಂತ್ರವನ್ನೇ ಎತ್ತುವುದೂ ಅವನ ಕಣ್ಣಿಗೆ ಕಟ್ಟಿತು.

ನರ್ಸಮ್ಮ ಹೇಳಿದ ಕಾವಲು ಸುಲಭದ್ದೇ ಆಗಿತ್ತು. ಮೇಲೊಂದು ತೆಳು ಪಟ್ಟಿ ಅಂಟಿಸಿದ್ದರು. ನೀರು ತಾಗಿದರೆ ಬಟ್ಟೆಯಿಂದ ಒತ್ತಬೇಕು, ಉಜ್ಜಬಾರದು. ಎಣ್ಣೆ ಪೌಡರು ಹತ್ತಿರ ಸುಳಿಯಬಾರದು, ಅಂಟು ಬಿಡುತ್ತದೆ. ಬಾಗಿಲು ದಾಟುವಾಗ ಚೌಕಟ್ಟು ನೋಡಿಕೊಳ್ಳಬೇಕು. ಸಡಿಲ ತೋಳಿನ ಅಂಗಿ ಸಾಕು. ಆದರೆ ಭಯಕ್ಕೆ ಸುಲಭದ್ದು ರುಚಿಸುವುದಿಲ್ಲ. ಬುನ್ಮಾ ಮನೆಗೆ ಬಂದವನೇ ಅರ್ಧ ತೆಂಗಿನ ಚಿಪ್ಪನ್ನು ಕೆರೆದು ನುಣುಪು ಮಾಡಿ, ಬಿಲ್ಲೆಯ ಮೇಲೆ ಬೋರಲು ಹಾಕಿ, ಕೆಂಪು ಚೌಕುಳಿ ವಸ್ತ್ರದಿಂದ ತೋಳಿಗೆ ಬಿಗಿದುಕೊಂಡ.

"ತೋಳಿಗೆ ಆಮೆ ಹತ್ತಿದ ಹಾಗಿದೆ," ಎಂದಳು ಸೈಬುವಾ.

"ಆಮೇನ ಯಾರೂ ಮುರಿಯಲ್ಲ," ಎಂದ ಬುನ್ಮಾ.

ಅಷ್ಟಕ್ಕೂ ಸಮಾಧಾನವಾಗದೆ ಅವನು ಊರಾಚೆಯ ತೋಪಿಗೆ ಹೋದ. ಅಲ್ಲಿ ಕಂಬಗಳ ಮೇಲಿನ ಪುಟ್ಟ ಮರದ ಗುಡಿಯಲ್ಲಿ ನಮ್ಮೂರನ್ನು ಕಾಯುವ ಪೂತಾ ಅಜ್ಜ ಇದ್ದಾನೆ. ಅಜ್ಜನ ಸೇವೆ ಕೇನ್ ಮುದುಕನದು. ಅಜ್ಜ ಏನೆಂದನೆಂದು ಜನಕ್ಕೆ ತಿಳಿಸುವವನೂ ಅವನೇ, ಅಜ್ಜನಿಗೆ ಎಷ್ಟು ಬಾಕಿಯಿದೆಯೆಂದು ನೆನಪಿಸುವವನೂ ಅವನೇ.

"ಆಸ್ಪತ್ರೆಗೆ ಹೋಗೋವರೆಗೂ ಬಿಲ್ಲೆ ಉಳಿಸಿಕೊಡು ಅಜ್ಜಾ. ಒಂದು ಬೇಯಿಸಿದ ಕೋಳಿ ಕೊಡ್ತೀನಿ," ಎಂದು ಬುನ್ಮಾ ಹರಕೆ ಹೊತ್ತ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮರುದಿನ ಮನೆಯ ಬಾಗಿಲಿಗೆ ಚಿಪ್ಪು ತಗುಲಿ ಠಣ್ಣೆಂದಿತು. ಬುನ್ಮಾ ತೋಪಿಗೆ ಓಡಿ ಕೋಳಿಯ ಜೊತೆಗೆ ಒಂದು ಬಾಟಲಿ ಅಕ್ಕಿ ಹೆಂಡ ಸೇರಿಸಿದ. ಎಮ್ಮೆಯೊಂದು ನೊಣ ಓಡಿಸಲು ಬಾಲ ಬೀಸಿತು. ಎಮ್ಮೆಗೂ ಬಿಲ್ಲೆಗೂ ನಡುವೆ ಒಂದು ಗದ್ದೆಯಷ್ಟು ಅಂತರವಿತ್ತು. ಆದರೂ ಅಜ್ಜನ ಲೆಕ್ಕಕ್ಕೆ ಒಂದು ಪೆಟ್ಟಿಗೆ ಸಿಹಿಯಾದ ಕೆಂಪು ಸೋಡಾ ಬಿತ್ತು. ಮಕ್ಕಳ ಚೆಂಡು ಕಿವಿಯ ಪಕ್ಕದಿಂದ ಹಾದುಹೋದ ಸಂಜೆ ಅವನು ಹಾಡಿನ ಮೇಳವನ್ನೇ ಕರೆಸುವುದಾಗಿ ಮಾತು ಕೊಟ್ಟುಬಿಟ್ಟ.

"ನಿಧಾನ ಮಾಡೋ," ಎಂದ ಕೇನ್. "ಅಜ್ಜ ಕಿವುಡನೂ ಅಲ್ಲ, ಮರೆಗುಳಿಯೂ ಅಲ್ಲ. ಇದೇ ಹುರುಪಲ್ಲಿ ಹೋದ್ರೆ ನಾಳೆ ಆನೆ ಕೊಡ್ತೀನಿ ಅಂತೀಯ."

ಇಷ್ಟಾದರೂ ಇದು ಒಬ್ಬನ ಭಯವಾಗಿಯೇ ಉಳಿದಿತ್ತು. ಊರಿನ ವಿಷಯವಾದದ್ದು ಲಮೈಯ ಅಂಗಡಿಯಲ್ಲಿ. ಸೋಪು, ಒಣಮೀನು, ಪೌಡರು, ಅಗರಬತ್ತಿಯಿಂದ ಹಿಡಿದು ಪರರ ಸುದ್ದಿಯವರೆಗೆ ಎಲ್ಲವೂ ಸಿಗುವ ಅಂಗಡಿ ಅದು. ಅಲ್ಲಿ ಆಡುತ್ತಿದ್ದ ಮಕ್ಕಳು ಚಿಪ್ಪನ್ನು ಕಂಡು ಮುತ್ತಿಕೊಂಡರು. ಒಬ್ಬನು ಬೆರಳಿನಿಂದ ಟಕಟಕ ಬಡಿದೂಬಿಟ್ಟ. ಬುನ್ಮಾ ಚಿಪ್ಪಿಗೆ ಅಂಗೈ ಅಡ್ಡ ಹಿಡಿದ.

"ಮುಟ್ಟಬೇಡ್ರೋ! ಅದರೊಳಗೆ ಪೂತಾ ಅಜ್ಜ ಕೂತಿದಾನೆ! ಮುಟ್ಟಿದೋರ ಕೈ ಕುಂಬಳಕಾಯಿ ಹಾಗೆ ಬಾತ್ಕೊಳ್ಳುತ್ತೆ!"

ಮಕ್ಕಳು ಚೆಲ್ಲಾಪಿಲ್ಲಿಯಾದರು. ತೂಗುತ್ತಿದ್ದ ಒಣಮೀನನ್ನು ಕೈಯಲ್ಲೇ ಹಿಡಿದು ಲಮೈ ಮಾತ್ರ ಹತ್ತಿರ ಬಂದಳು.

"ನಿಜಾನಾ ಬುನ್ಮಾ? ಅಜ್ಜ ತೋಪು ಬಿಟ್ಟು ನಿನ್ನ ತೋಳಿಗೆ ಬಂದ್ನಾ?"

ಮಕ್ಕಳು ಇನ್ನೂ ಮೂಲೆಯಿಂದ ಇಣುಕುತ್ತಿದ್ದರು. ಇಲ್ಲವೆಂದರೆ ಮತ್ತೆ ಬಂದು ಬಡಿಯುತ್ತಾರೆ. "ಹೂಂ, ಬಂದಿದಾನೆ," ಎಂದ ಬುನ್ಮಾ.

"ಏನಾದ್ರೂ ಹೇಳ್ತಾನಾ?"

ಬುನ್ಮಾ ಬೆವರುತ್ತ ಚೀಲದಿಂದ ಡಬ್ಬಿ ತೆಗೆದು ಬಿಲ್ಲೆ ಸರಿಯಿದೆಯೇ ಎಂದು ನೋಡಿದ. ಡಬ್ಬಿಯ ಮೇಲೆ ನೂರ ಮೂವತ್ತನಾಲ್ಕು ಎಂದಿತ್ತು. ಅದು ಅವನು ಬೆಳಿಗ್ಗೆ ತಿಂದ ಅಂಟು ಅನ್ನದ ಲೆಕ್ಕ. ಲಮೈ ಅದನ್ನು ಹಾಗೆ ಓದಲಿಲ್ಲ.

ಮರುದಿನ ಲಾಟರಿಯ ಫಲಿತಾಂಶ. ಕೊನೆಯ ಎರಡು ಅಂಕಿ ಮೂರು, ನಾಲ್ಕು.

ನಮ್ಮ ಕಡೆ ಬಾಳೆಗಿಡ ಎರಡು ಗೊನೆ ಹಾಕಿದರೂ, ಐದು ಕಾಲಿನ ಕರು ಹುಟ್ಟಿದರೂ ಜನ ಅದರಲ್ಲಿ ನಂಬರು ಹುಡುಕುತ್ತಾರೆ. ಹಳೆಯ ಮರದ ತೊಗಟೆಗೆ ಪೌಡರು ಹಚ್ಚಿ ಬೆರಳಿನಿಂದ ಉಜ್ಜಿದರೆ ಅಂಕಿ ಮೂಡುತ್ತದೆಂದು ಮೈಲಿಗಟ್ಟಲೆ ಹೋಗುತ್ತಾರೆ. ಅಂಥವರ ಊರಿನಲ್ಲಿ, ನಡೆದಾಡುವ ಮನುಷ್ಯನ ತೋಳಿನ ಮೇಲೆ, ಕೆಂಪು ಬಟ್ಟೆ ಸುತ್ತಿದ ಚಿಪ್ಪಿನೊಳಗೆ, ನಂಬರು ಹೇಳುವ ಅಜ್ಜ! ಲಮೈ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅಂದರೆ ಅಂಗಡಿಗೆ ಬಂದವರಿಗೆ ಒಬ್ಬೊಬ್ಬರಿಗೇ, ಕಿವಿಯಲ್ಲಿ ಮಾತ್ರ ಹೇಳಿದಳು.

ಬುನ್ಮಾ ಆಸ್ಪತ್ರೆಗೆ ಹೋಗಲು ಇನ್ನೊಂದೇ ದಿನ ಉಳಿದಿತ್ತು. ಮುಂದಿನ ಲಾಟರಿಯೂ ಹತ್ತಿರ ಬಂದಿತ್ತು. ಆ ಬೆಳಿಗ್ಗೆ ಅವನು ಎಂದಿನಂತೆ ಮಾತ್ರೆ ನುಂಗಿ ಚಾಪೆಯ ಮೇಲೆ ಕೂತ. ಸೈಬುವಾ ಅಂಟು ಅನ್ನದ ಬಿದಿರುಬುಟ್ಟಿಯ ಮುಚ್ಚಳ ತೆಗೆದಿದ್ದಳಷ್ಟೆ, ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಒಂದಾದ ಮೇಲೊಂದರಂತೆ ಬಿಡುತ್ತಲೇ ಇದ್ದರು.

ಅರ್ಧ ಊರು ಬಂದಿತ್ತು. ಪಕ್ಕದೂರಿನ ಮುಖಗಳೂ ಇದ್ದವು. ಎಲ್ಲರ ಕೈಯಲ್ಲೂ ಲಮೈಯ ಅಂಗಡಿಯ ಪೌಡರು ಡಬ್ಬ.

"ಏನಿದು? ಯಾರಾದ್ರೂ ಸತ್ತರಾ?" ಎಂದಳು ಸೈಬುವಾ.

"ನೀನು ಸುಮ್ಮನಿರು ಅಕ್ಕಾ. ನಿನಗೆ ಮನೇಲೇ ಭಾಗ್ಯ ಇದೆ. ನಾವು ಬಡವ್ರು," ಎಂದು ಒಬ್ಬ ಹೆಂಗಸು ಅವಳನ್ನು ದಾಟಿ ಒಳಗೆ ಬಂದಳು.

ನೂಕುನುಗ್ಗಲಾಗುವಷ್ಟರಲ್ಲಿ ಊರ ಮುಖಂಡ ಪ್ರಸೋಂಗ್ ಬಂದ. ಕೈಯಲ್ಲಿ ಮೈಕಿನಂಥ ಕೂಗುಯಂತ್ರ. "ಸಾಲಾಗಿ ನಿಲ್ಲಿ! ಹಿರಿಯರಿಗೆ ಗೌರವ ಕೊಡಿ! ಯಾರೂ ನುಗ್ಗಬಾರದು!" ಎಂದು ಆಜ್ಞೆ ಹೊರಡಿಸಿದ. ಬುನ್ಮಾನಿಗೆ ಹೋದ ಜೀವ ಬಂದಂತಾಯಿತು. ಶಿಸ್ತು ಹೇಗಿರಬೇಕೆಂದು ಜನಕ್ಕೆ ಮೇಲ್ಪಂಕ್ತಿ ಹಾಕಿಕೊಡುವುದು ಅಧಿಕಾರದಲ್ಲಿರುವವರ ಮೊದಲ ಕರ್ತವ್ಯ. ಪ್ರಸೋಂಗ್ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ತಾನೇ ಬಂದು ನಿಂತು ಪೌಡರಿನ ಮುಚ್ಚಳ ತಿರುಗಿಸಿದ.

"ಮುಖಂಡ್ರೇ, ಪೌಡರು ಬೇಡ! ಅಂಟು ಬಿಡುತ್ತೆ! ನಾಳೆ ಆಸ್ಪತ್ರೆ!"

"ಹೆದರಬೇಡಯ್ಯ. ಮೆತ್ತಗೆ ಉಜ್ಜುತೀನಿ. ನನ್ನ ಕೊಳಕ್ಕೆ ಯಂತ್ರ ಇಳಿಸಿದಾಗ ನಾನೇನಾದ್ರೂ ಅಂದ್ನಾ?"

"ಅಜ್ಜ ಇಲ್ಲ ಇದರಲ್ಲಿ! ನಾನು ಸುಳ್ಳು ಹೇಳಿದೆ! ಮಕ್ಕಳನ್ನ ಹೆದರಿಸೋಕೆ ಹೇಳಿದೆ!"

"ನೋಡಿದ್ರಾ?" ಎಂದಳು ಲಮೈ ಹಿಂದಿನಿಂದ. "ಹಂಚಿಕೊಳ್ಳೋ ಕಾಲ ಬಂದಾಗ ಎಲ್ಲರೂ ಹೀಗೇ ಹೇಳೋದು."

ಪ್ರಸೋಂಗ್ ಉಜ್ಜಿದ. ಅವನ ಹಿಂದಿನವಳು ಉಜ್ಜಿದಳು. ಅವಳ ಹಿಂದಿನವನು, ಅಜ್ಜನಿಗೆ ಸೆಕೆಯಾಗುತ್ತದೆಂದು, ವಸ್ತ್ರ ಸಡಿಲಿಸಿ ಚಿಪ್ಪಿನೊಳಕ್ಕೇ ಪೌಡರು ಸುರಿದ. ಬುನ್ಮಾ ಬಗ್ಗಿ ನೋಡಿದ. ತೆಳು ಪಟ್ಟಿಯ ಒಂದು ಅಂಚು ಮೇಲೆದ್ದಿತ್ತು. ಬಿಲ್ಲೆ ಒಂದು ಕಡೆಗೆ ವಾಲಿತ್ತು.

ಬುನ್ಮಾ ದಡಕ್ಕನೆ ಎದ್ದ. ಚೀಲ ಹೆಗಲಿಗೇರಿಸಿ, ಬಲಗೈಯಿಂದ ಚಿಪ್ಪು ಒತ್ತಿಹಿಡಿದು, ಹಿತ್ತಲ ಮೆಟ್ಟಿಲಿಂದ ಹಾರಿ ಓಡಿದ. ಎರಡು ವಾರ ಕೊಡೆಯಡಿ ಹೆಜ್ಜೆ ಎಣಿಸಿ ನಡೆದವನು ಬದುವಿನ ಮೇಲೆ ಹೀಗೆ ಓಡಿದ್ದನ್ನು ಕಂಡ ಜನಕ್ಕೆ ಉಳಿದಿದ್ದ ಅನುಮಾನವೂ ಹೋಯಿತು. ಮನುಷ್ಯಮಾತ್ರದವನು ಹೀಗೆ ಓಡಲಾರ. ಒಳಗೆ ಅಜ್ಜನೇ ಇದ್ದಾನೆ.

ಅವನು ಹೋಗಿ ಹೊಕ್ಕದ್ದು ತೋಪಿನಲ್ಲಿ ಅಜ್ಜನ ಗುಡಿಯ ಕೆಳಗೆ, ಕಂಬಗಳ ನಡುವೆ. ಮೊಣಕಾಲು ತಬ್ಬಿ ಮುದುಡಿ ಕೂತ. ಜನ ಬಂದು, ತೋಪಿನ ಅಂಚಿನಲ್ಲಿ ಮತ್ತೆ ಚಪ್ಪಲಿ ಬಿಟ್ಟು, ದೂರದಲ್ಲಿ ಕೈ ಮುಗಿದು ನಿಂತರು. ಲಮೈ ಒಂದು ಕೆಂಪು ಸೋಡಾದ ಮುಚ್ಚಳ ತೆಗೆದು, ಗುಡಿಯ ಮುಂದಿಟ್ಟು, ಅಗರಬತ್ತಿ ಹಚ್ಚಿದಳು.

ಬುನ್ಮಾ ನಡುಗತೊಡಗಿದ. ಹಣೆಯಲ್ಲಿ ಬೆವರು ಹನಿಗಟ್ಟಿತು. ತುಟಿ ಬಿಳಿಚಿತು. ಏನೋ ಹೇಳಲು ಹೋದವನ ಬಾಯಿಂದ ಅರ್ಥವಾಗದ ಸದ್ದು ಬಂತು.

"ಅಜ್ಜ ಮೈಮೇಲೆ ಬರ್ತಿದಾನೆ," ಎಂದು ಜನ ಪಿಸುಗುಟ್ಟಿದರು.

ಕುಂಯ್, ಕುಂಯ್, ಕುಂಯ್. ಸದ್ದು ಚೀಲದಿಂದ ಬಂತು.

ಇಡೀ ಗುಂಪು ಕೆಸರಲ್ಲಿ ಮಂಡಿಯೂರಿತು. ಪ್ರಸೋಂಗ್ ತೆವಳುತ್ತ ಹೋಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಓದಿದ. ತೋಪಿನಲ್ಲಿ ಯಾವುದೂ ಗುಟ್ಟಾಗಿರಬಾರದೆಂದು ಕೂಗುಯಂತ್ರವನ್ನು ಬಾಯಿಗಿಟ್ಟುಕೊಂಡು ಸಾರಿದ.

"ಐವತ್ತೆರಡು! ಅಜ್ಜನ ಮಾತು, ಐವತ್ತೆರಡು!"

ಐವತ್ತೆರಡು ಎಂಬ ಕೂಗು ಗದ್ದೆಗಳ ಮೇಲೆ ಹಾದು ಊರಿನೊಳಕ್ಕೆ ಹೋಯಿತು. ಅಲ್ಲಿ ಸೈಬುವಾಳ ತಂಗಿ ವಿಲೈವನ್ ಮನೆಮನೆಯ ನೀರಿನ ಹಂಡೆಗೆ ಇಣುಕಿ ಸೊಳ್ಳೆಮರಿ ಹುಡುಕುತ್ತಿದ್ದಳು. ಅವಳು ಊರಿನ ಆರೋಗ್ಯ ಸೇವಕಿ. ಬುನ್ಮಾನ ಜೊತೆ ಆಸ್ಪತ್ರೆಗೆ ಹೋಗಿ, ಯಾವ ಅಂಕಿಗೆ ಏನರ್ಥವೆಂದು ಗಿಣಿಪಾಠ ಕಲಿತು ಬಂದವಳೂ ಅವಳೇ. ಹಂಡೆಯ ಮುಚ್ಚಳವನ್ನು ಅಲ್ಲೇ ಬಿಸಾಡಿ ಓಡಿದಳು. ದಾರಿಯಲ್ಲಿ ಅಕ್ಕ ಸಿಕ್ಕಳು. ಅನ್ನದ ಬುಟ್ಟಿ ಹಿಡಿದು ಅವಳೂ ಅತ್ತಲೇ ಓಡುತ್ತಿದ್ದಳು.

"ಭಾವ ಉಂಡಿದಾರಾ?"

"ಒಂದು ತುತ್ತೂ ಇಲ್ಲ ಕಣೆ. ಮಾತ್ರೆ ಮಾತ್ರ ನುಂಗಿದಾನೆ."

ತೋಪಿಗೆ ಬಂದಾಗ ಜನ ಅಂಗೈ ಮೇಲೆ ಐವತ್ತೆರಡು ಬರೆದುಕೊಳ್ಳುತ್ತಿದ್ದರು. ವಿಲೈವನ್ ಅವರನ್ನು ಮೊಣಕೈಯಿಂದ ತಳ್ಳಿ ಒಳನುಗ್ಗಿದಳು.

"ಅಯ್ಯೋ ನಿಮ್ಮ! ಅದು ಲಾಟರಿ ನಂಬರಲ್ಲ, ಅವರ ಪ್ರಾಣದ ನಂಬರು! ಸಕ್ಕರೆ ಇಳಿದುಹೋಗಿದೆ! ಏನಾದ್ರೂ ಸಿಹಿ ಕೊಡ್ರೋ!"

ಯಾರ ಬಳಿಯೂ ಸಿಹಿಯಿರಲಿಲ್ಲ. ಎಲ್ಲರ ಬಳಿಯೂ ಪೌಡರಿತ್ತು. ವಿಲೈವನ್ ಗುಡಿಯ ಮುಂದಿನ ಕೆಂಪು ಸೋಡಾಕ್ಕೆ ಕೈ ಹಾಕಿದಳು.

"ಮುಟ್ಟಬೇಡ!" ಕೇನ್ ಮುದುಕ ಕೋಲು ಅಡ್ಡ ಹಿಡಿದ. "ಅಗರಬತ್ತಿ ಉರೀತಾ ಇದೆ. ಅಜ್ಜ ಕುಡೀತಾ ಇದಾನೆ. ಕಡ್ಡಿ ಆರೋವರೆಗೂ ಎಂಜಲು ತೆಗೆಯೋ ಹಾಗಿಲ್ಲ. ನಮ್ಮ ತಾತನ ಕಾಲದಿಂದ ಬಂದದ್ದು."

ಎಲ್ಲರೂ ಕಡ್ಡಿಯನ್ನು ನೋಡಿದರು. ಅದು ತುದಿಯಲ್ಲಷ್ಟೇ ಕೆಂಪಾಗಿತ್ತು, ಇಡೀ ಉದ್ದ ಬಾಕಿಯಿತ್ತು. ಕಂಬದ ಬುಡದಲ್ಲಿ ಬುನ್ಮಾ ಪಕ್ಕಕ್ಕೆ ವಾಲಿದ. ಅವನ ಕಣ್ಣು ಅರ್ಧ ಮುಚ್ಚಿತ್ತು. ಯಾರೂ ಬಾಟಲಿಗೆ ಕೈ ಹಾಕಲಿಲ್ಲ. ಜನಕ್ಕೆ ಬುನ್ಮಾನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೆ ಅಜ್ಜ ಕುಡಿಯುತ್ತಿರುವ ಬಾಟಲಿಯನ್ನು ಕಸಿದುಕೊಂಡವರ ಗದ್ದೆಗೆ ಮುಂದೆ ಏನು ಕಾದಿದೆಯೋ ಯಾರಿಗೆ ಗೊತ್ತು? ಪ್ರಸೋಂಗ್ ಕೂಡ ಕೂಗುಯಂತ್ರವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಸೈಬುವಾ ಅನ್ನದ ಬುಟ್ಟಿಯನ್ನು ಕೆಳಗಿಟ್ಟಳು. ನಿಧಾನವಾಗಿ ಗುಡಿಯ ಮುಂದೆ ಹೋಗಿ, ಮಂಡಿಯೂರಿ ಕೈ ಮುಗಿದಳು. ಆಮೇಲೆ ಹೆಬ್ಬೆರಳು ತೋರುಬೆರಳಿನಿಂದ ಅಗರಬತ್ತಿಯ ಕೆಂಡವನ್ನು ಹಿಡಿದು ಹಿಸುಕಿದಳು. ಚುಂಯ್ಯೆಂದು ಹೊಗೆ ಎದ್ದಿತು.

"ಆರಿತು," ಎಂದಳು. "ಅಜ್ಜ ಕುಡಿದಾಯ್ತು."

ಕೇನ್ ಬಾಯಿ ತೆರೆದ. ಸೈಬುವಾ ಅವನ ಕಡೆ ತಿರುಗಿ ನೋಡಿದಳು. ಕೇನ್ ಬಾಯಿ ಮುಚ್ಚಿದ.

ಅಕ್ಕ ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದಳು. ತಂಗಿ ಒಂದು ಕೈಯ ಹೆಬ್ಬೆರಳಿನಿಂದ ಸಡಿಲಾದ ಬಿಲ್ಲೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸೋಡಾವನ್ನು ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟಳು. ಅರ್ಧ ಅಂಗಿಗೆ, ಅರ್ಧ ಗಂಟಲಿಗೆ. ಬುನ್ಮಾ ಮೊದಲು ನುಂಗಿದ, ಆಮೇಲೆ ಕೆಮ್ಮಿದ. ಬಾಟಲಿ ಮುಗಿದು ಸುಮಾರು ಹೊತ್ತಾದ ಮೇಲೆ ಕಣ್ಣು ಬಿಟ್ಟ.

"ಬಿಲ್ಲೆ?" ಎಂದ.

"ಇದೆ ಭಾವ. ಹಿಡ್ಕೊಂಡಿದೀನಿ."

"ಪಾಪಿ," ಎಂದಳು ಸೈಬುವಾ. ಅವಳ ಗಲ್ಲ ಒದ್ದೆಯಾಗಿತ್ತು. "ಬಿಲ್ಲೆ ಅಂತೆ. ಹೆಂಡ್ತಿ ಇದಾಳಾ ಅಂತ ಕೇಳಲ್ಲ."

ಇತ್ತ ಡಬ್ಬಿ ಹಿಡಿದ ಪ್ರಸೋಂಗ್ ಪೇಚಿಗೆ ಸಿಕ್ಕಿದ್ದ. "ಅರವತ್ತೊಂದು," ಎಂದು ಸಾರಿದ. ಜನ ಅಂಗೈ ಉಜ್ಜಿಕೊಂಡು ಮತ್ತೆ ಬರೆದರು. ಸ್ವಲ್ಪ ತಡೆದು, "ಎಪ್ಪತ್ತೆಂಟು." ಮತ್ತೆ ಉಜ್ಜಿದರು. "ತೊಂಬತ್ತು... ಅಲ್ಲ, ನೂರ ಮೂರು."

"ಒಂದು ಮಾತಿನ ಮೇಲೆ ನಿಲ್ಲದ ಅಜ್ಜ ಯಾವ ಅಜ್ಜ?" ಎಂದು ಪಕ್ಕದೂರಿನವರು ಗೊಣಗುತ್ತ ಚಪ್ಪಲಿ ಹುಡುಕಿದರು. ಲಮೈ ತನ್ನ ಖಾಲಿ ಬಾಟಲಿಯನ್ನು ಎತ್ತಿಕೊಂಡು, ಪೌಡರನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದಳು.

ಮರುದಿನ ಬುನ್ಮಾ ಬಸ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋದ. ಎಡಕ್ಕೆ ಹೆಂಡತಿ, ಬಲಕ್ಕೆ ನಾದಿನಿ, ನಡುವೆ ತೋಳು. ಡಾಕ್ಟರಮ್ಮ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ ಬಹಳ ಹೊತ್ತು ಏರಿಳಿತದ ಗೆರೆ ನೋಡಿದರು. ಬುನ್ಮಾ ಅವರ ಹುಬ್ಬನ್ನೇ ನೋಡುತ್ತ ಕೂತ. ಹುಬ್ಬು ಗಂಟಾದಾಗೆಲ್ಲ ಅವನ ಕೈ ಹೆಂಡತಿಯ ಕೈಯನ್ನು ಹುಡುಕುತ್ತಿತ್ತು.

"ಸಿಕ್ತು," ಎಂದರು. "ಇಳಿದೇ ಬೀಳೋದು. ನಿಮ್ಮ ಮಾತ್ರೆ ನಿಮಗೆ ಜಾಸ್ತಿ ಆಗಿದೆ. ಕೆಲಸದ ದಿನ ಊಟ ತಡ ಆಯ್ತು ಅಂದ್ರೆ ಸರ್ರಂತ ಕೆಳಗೆ ಹೋಗ್ತಿದೆ. ನಿನ್ನೆ ನೋಡಿ ಇಲ್ಲಿ. ಯಾರು ಕಾಪಾಡಿದ್ರು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜನ ಸೋಡಾ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.

"ಮಾತ್ರೆ ಅರ್ಧ ಮಾಡ್ತೀನಿ. ಉಣ್ಣದೆ ನುಂಗಬೇಡಿ. ಗದ್ದೆಗೆ ಹೋಗೋವಾಗ ಸೊಂಟದಲ್ಲಿ ಸಿಹಿ ಇರಲಿ. ಮೈ ನಡುಗಿದ ತಕ್ಷಣ ಬಾಯಿಗೆ ಹಾಕ್ಕೊಳ್ಳಿ." ಆಮೇಲೆ ತೋಳನ್ನು ತಿರುಗಿಸಿ ನೋಡಿದರು. ಚಿಪ್ಪಿನ ಅಂಚು ಒತ್ತಿ ಸುತ್ತಲೂ ಬಳೆಯ ಹಾಗೆ ಹುಣ್ಣಾಗಿತ್ತು. "ಇದೇನಿದು?"

"ಬಿಲ್ಲೆಗೆ ಕಾವಲು."

"ಬಿಲ್ಲೆಗೆ ಏನೂ ಆಗಿಲ್ಲ. ಆಗಿರೋದೆಲ್ಲ ನಿಮಗೇ," ಎಂದು ಡಾಕ್ಟರಮ್ಮ ಎರಡೇ ಬೆರಳಿನಿಂದ ಬಿಲ್ಲೆಯನ್ನು ಚರಕ್ಕನೆ ಕಿತ್ತು ಕಸದ ಡಬ್ಬಕ್ಕೆ ಹಾಕಿದರು.

ಬುನ್ಮಾ ಕುರ್ಚಿಯಿಂದ ಜಿಗಿದ. "ಡಾಕ್ಟ್ರಮ್ಮಾ! ಅದಕ್ಕೆ ಮೇಳದ ಹರಕೆ ಹೊತ್ತಿದೀನಿ!"

"ಅದರ ಕೆಲಸ ಮುಗೀತು. ಇನ್ನು ಅದು ಬರೀ ಪ್ಲಾಸ್ಟಿಕ್."

ದಾರಿಯುದ್ದಕ್ಕೂ ಬುನ್ಮಾ ಬರಿದಾದ ತೋಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಇಷ್ಟು ದಿನ ಬಿಲ್ಲೆ ಹೋಗುತ್ತದೆಂದು ಹೆದರಿದ್ದ. ಈಗ ಬಿಲ್ಲೆಯಿಲ್ಲವಲ್ಲ ಎಂದು ಹೆದರಿದ.

ನಾಟಿ ಮುಗಿದ ಮೇಲೆ ಹರಕೆ ತೀರಿಸುವ ದಿನ ಬಂತು. ಬೇಯಿಸಿದ ಕೋಳಿ ಬಂತು. ಹೆಂಡ ಬಂತು. ಮೇಳ ಎಂದರೆ ಹಲ್ಲಿಲ್ಲದ ಒಬ್ಬ ಮುದುಕ ತನ್ನ ಬಿದಿರಿನ ಪೀಪಿ ಹಿಡಿದು ಬಂದ.

"ಮೇಳ ಅಂದಿದ್ದೆಯಲ್ಲೋ?" ಎಂದ ಕೇನ್.

"ಎಷ್ಟು ಜನ ಅಂತ ಹೇಳಿರಲಿಲ್ಲ," ಎಂದ ಬುನ್ಮಾ. ಕೇನ್ ಯೋಚಿಸಿ ನೋಡಿದ. ಹೇಳಿರಲಿಲ್ಲ.

ಸೋಡಾದ ಪೆಟ್ಟಿಗೆಯನ್ನು ಗುಡಿಯ ಮುಂದೆ ಇಳಿಸಿ ಅಗರಬತ್ತಿ ಹಚ್ಚಿದರು. ಈ ಸಲ ಸೈಬುವಾಳನ್ನು ಕಡ್ಡಿಯಿಂದ ದೂರ ಕೂರಿಸಲಾಯಿತು. ಕೇನ್ ಪೆಟ್ಟಿಗೆಯ ಮೇಲೆ ಕಣ್ಣಾಡಿಸಿದ.

"ಪೆಟ್ಟಿಗೆ ಸರಿಯಿದೆ. ಆದ್ರೆ ಅವತ್ತು ನೀನು ಕುಡಿದದ್ದು ಬೇರೆ. ಅದು ಅಜ್ಜನಿಗೆ ಕೊಟ್ಟಾಗಿದ್ದ ಬಾಟಲಿ. ಅದೆಲ್ಲಿ?"

"ತಂದಿಲ್ಲ."

"ಲಮೈ ಹತ್ರ ಮುಗಿದಿದ್ಯಾ?"

"ಇದೆ. ಬೇಕಂತಲೇ ತಂದಿಲ್ಲ." ಬುನ್ಮಾ ಗುಡಿಯ ಕಡೆ ಓರೆಗಣ್ಣಿನಿಂದ ನೋಡಿ ದನಿ ತಗ್ಗಿಸಿದ. "ಬಿಲ್ಲೆ ಹೋಯ್ತು. ಇನ್ನು ಗದ್ದೇಲಿ ನನ್ನ ಮೇಲೆ ಕಣ್ಣಿಡೋರು ಯಾರು? ಪೂರ್ತಿ ತೀರಿಸಿಬಿಟ್ರೆ ಅಜ್ಜ ನನ್ನ ಕಡೆ ತಿರುಗಿ ಯಾಕೆ ನೋಡ್ತಾನೆ? ಒಂದು ಬಾಟಲಿ ಬಾಕಿ ಇರಲಿ. ಕೊಡಬೇಕಾದೋನು ನಿಂತಿದಾನಾ, ಬಿದ್ದಿದಾನಾ ಅಂತ ಆಗಾಗ ನೋಡ್ತಾ ಇರ್ತಾನೆ."

ಕೇನ್ ಗಡ್ಡ ಕೆರೆದುಕೊಂಡ. ಇಂಥದ್ದಕ್ಕೆ ತಾತನ ಕಾಲದ ಕಟ್ಟಳೆ ಯಾವುದೂ ಅವನಿಗೆ ನೆನಪಾಗಲಿಲ್ಲ.

ಮರುದಿನ ಬುನ್ಮಾ ಎಲ್ಲರ ಹಾಗೆ ಬಗ್ಗಿ, ಸಸಿ ಸತ್ತ ಕಡೆ ಹೊಸದು ನೆಡುತ್ತಿದ್ದ. ಸೊಂಟದಲ್ಲಿ ತೆಂಗಿನ ಚಿಪ್ಪು ನೇತಾಡುತ್ತಿತ್ತು, ಅದರೊಳಗೆ ತಾಳೆಬೆಲ್ಲದ ಉಂಡೆಗಳು. ಸ್ವಲ್ಪ ಸ್ವಲ್ಪ ಹೊತ್ತಿಗೆ ಸೈಬುವಾ ಆಚೆ ಬದುವಿನಿಂದ "ಬುನ್ಮಾ!" ಎಂದು ಕೂಗುತ್ತಿದ್ದಳು. ಅವನು "ಹೂಂ!" ಎನ್ನುತ್ತಿದ್ದ. ಹಾಗೆಂದ ಮೇಲೆ ಸೊಂಟ ನೆಟ್ಟಗೆ ಮಾಡಿ, ತೋಪಿನ ಕಡೆಗೊಮ್ಮೆ ತಿರುಗಿ, ಬಾಕಿ ಇನ್ನೂ ಇದೆ ಅಜ್ಜಾ ಎಂದು ಕೈ ಮುಗಿದು, ಮತ್ತೆ ಬಗ್ಗುತ್ತಿದ್ದ.